ಮೈಯ ಮಾತು

ಬಾಗಲಕೋಟೆಯ ಬಸ್ಸು ನಿಲ್ದಾಣದಲ್ಲಾಗಲಿ, ಇಳಕಲ್ಲಿನ ಪೇಟೆಯಲ್ಲಾಗಲಿ ಇಬ್ಬರು ಪರಿಚಿತರು ಆರು ತಿಂಗಳ ತರುವಾಯ ಸಂಧಿಸಿದರೆನ್ನಿ. ನಮಸ್ಕಾರವಾಗುತ್ತದೆ, "ಆರಾಮ ಅದೀರೇನ್ರಿ?" ಎಂಬ ಪ್ರಶ್ನೆಯಾಗುತ್ತದೆ. ಅದಕ್ಕೆ ಉತ್ತರ ಬರುವುದಕ್ಕೆ ಮುಂಚೆಯೇ ಕೇಳಿದವರ ಕಣ್ಣು ಎದುರಿನವರ ಕೆನ್ನೆಯಿಂದ ಕೊರಳಿಗೆ, ಕೊರಳಿನಿಂದ ಹೊಟ್ಟೆಗೆ ಇಳಿದು ಮರಳಿ ಮೇಲಕ್ಕೆ ಬಂದಿರುತ್ತದೆ. "ಯಾಕ್ರೀ, ಭಾಳ ಬಡವಾಗೀರಲ್ಲ?" ಎಂದೋ, "ಏನ್ರೀ, ಮೈ ಬಂದೈತಲ್ಲ!" ಎಂದೋ ತೀರ್ಪು ಹೊರಬೀಳುತ್ತದೆ. ಮಳೆ ಬೆಳೆಗಳ ಮಾತು, ಮಕ್ಕಳ ಮದುವೆಯ ಮಾತು, ಎಲ್ಲವೂ ಇದರ ಹಿಂದೆಯೇ. ಈ ತೀರ್ಪನ್ನು ಕೊಟ್ಟವರು ಅದನ್ನು ಮರುಗಳಿಗೆಯಲ್ಲಿ ಮರೆಯುತ್ತಾರೆ. ಕೇಳಿಸಿಕೊಂಡವರು ಮನೆಗೆ ಹೋಗಿ ಕನ್ನಡಿಯ ಮುಂದೆ ನಿಲ್ಲುವುದುಂಟು. ಪರರ ಮೈಯ ಏರಿಳಿತವನ್ನು ಕುರಿತು ಆಡುವ ಈ ಮಾತಿಗೆ ಏನಾದರೂ ಮರ್ಯಾದೆ ಉಂಟೆ, ಇದ್ದರೆ ಅದು ಯಾವುದು ಎಂಬುದನ್ನು ಶ್ರೋತೃಗಳೊಡನೆ ಕುಳಿತು ವಿಚಾರಮಾಡುವುದು ನಮ್ಮ ಉದ್ದೇಶ.

ಇಂಗ್ಲಿಷ್ ವಿದ್ಯಾಭ್ಯಾಸವನ್ನು ಪಡೆದವರಿಗೆ ಈ ಪ್ರಶ್ನೆ ಒಂದೇ ಮಾತಿನಲ್ಲಿ ತೀರಿಹೋದಂತೆ ತೋರುತ್ತದೆ. ಎದುರಿನವರ ದೇಹವನ್ನು ಕುರಿತು ಅವರ ಮುಖದೆದುರಿಗೆ ಏನನ್ನೂ ಹೇಳತಕ್ಕದ್ದಲ್ಲ ಎಂಬುದು ಆ ಜನದ ಕಟ್ಟಳೆ. ೧೮೬೫ರಲ್ಲಿ ಪ್ರಕಟವಾದ ಲೂಯಿಸ್ ಕ್ಯಾರಲ್ಲನ ಕಥೆಯಲ್ಲಿ, ಟೋಪಿಯವನು ನಿನ್ನ ಕೂದಲನ್ನು ಕತ್ತರಿಸಬೇಕಾಗಿದೆ ಎಂದದ್ದಕ್ಕೆ, ಏಳು ವರ್ಷದ ಹುಡುಗಿ ಆಲಿಸ್ ಅವನನ್ನು ಗದರಿಸುತ್ತಾಳೆ. ಅಂದರೆ ಮಕ್ಕಳಿಗೆ ಅಕ್ಷರಾಭ್ಯಾಸದ ಜೊತೆಯಲ್ಲಿಯೇ ಈ ಪಾಠವೂ ಆಗಿರುತ್ತಿತ್ತು. ಈ ನಿಯಮವನ್ನು ಬುಡಸಹಿತ ಕಿತ್ತು ತಂದು ನಮ್ಮ ಎರೆಮಣ್ಣಿನಲ್ಲಿ ನೆಡೋಣ ಎನ್ನುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಇಂಗ್ಲೆಂಡಿನಲ್ಲಿ ಆ ಮಾತನ್ನು ಒರಟುತನವೆಂದು ಎಣಿಸುವುದಕ್ಕೆ ಕಾರಣಗಳು ಬೇರೆ. ಇಲ್ಲಿ ಅದನ್ನು ಆಡುವುದಕ್ಕೆ ಕಾರಣಗಳು ಬೇರೆ. ಆ ಕಾರಣಗಳನ್ನು ಅರಿಯದೆ ಬಾಯಿಗೆ ಬೀಗ ಹಾಕಹೊರಟರೆ ಬೀಗವೂ ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ.

ಮೊದಲು ಪದವನ್ನೇ ನೋಡಿ. 'ಬಡವಾಗು' ಎಂದರೆ ಕೃಶವಾಗು, ಸೊರಗು ಎಂದರ್ಥ. 'ಬಡವ' ಎಂದರೆ ಹಣವಿಲ್ಲದವನು. ಒಂದೇ 'ಬಡ' ಎಂಬ ಶಬ್ದ ಮೈಯಲ್ಲಿ ಮಾಂಸವಿಲ್ಲದಿರುವುದನ್ನೂ ಮನೆಯಲ್ಲಿ ಕಾಳಿಲ್ಲದಿರುವುದನ್ನೂ ಹೇಳುತ್ತದೆ. ನಮ್ಮ ಹಿಂದಿನ ಕವಿಗಳು ನಾಯಿಕೆಯ ನಡುವನ್ನು 'ಬಡನಡು' ಎಂದು ಕೊಂಡಾಡಿದರು, ನಿಜ. ಆದರೆ ಅದು ಕಾವ್ಯದ ನಡು. ಹಳ್ಳಿಯ ನಡು ಬಡವಾದರೆ ಅದನ್ನು ಯಾರೂ ಕೊಂಡಾಡಲಿಲ್ಲ. ಇದಕ್ಕೆ ಎದುರಾಗಿ 'ಕೊಬ್ಬು' ಎಂಬ ಪದವಿದೆ. ಅದಕ್ಕೂ ಎರಡು ಅರ್ಥ: ಮೈಯ ಮೇದಸ್ಸು ಒಂದು, ಅಹಂಕಾರ ಇನ್ನೊಂದು. 'ಅವನಿಗೆ ಕೊಬ್ಬು' ಎಂದರೆ ವೈದ್ಯನನ್ನು ಯಾರೂ ಕರೆಯುವುದಿಲ್ಲ. ಹೀಗೆ ಕನ್ನಡದಲ್ಲಿ ಸಣಕಲು ಮೈಗೆ ದಾರಿದ್ರ್ಯದ ನೆರಳು, ತುಂಬಿದ ಮೈಗೆ ಸೊಕ್ಕಿನ ನೆರಳು ತಾವಾಗಿಯೇ ಬೀಳುತ್ತವೆ. ತೂಕದ ಮಾತನ್ನು ಆಡುವವನು ತಾನು ಬರಿಯ ಮೈಯನ್ನು ಕುರಿತು ಹೇಳುತ್ತಿದ್ದೇನೆಂದು ತಿಳಿದಿರಬಹುದು; ನುಡಿ ಅವನಿಗಿಂತ ಹೆಚ್ಚಾಗಿ ಹೇಳಿರುತ್ತದೆ.

ಕಲಾದಗಿಯ ಸೀಮೆಯಲ್ಲಿ ಈ ನೆರಳು ಬರಿಯ ಶಬ್ದಾರ್ಥದ ಮಾತಲ್ಲ. ಈಗ ಬಾಗಲಕೋಟೆ ಜಿಲ್ಲೆ ಎನಿಸಿರುವ ಈ ಭಾಗವು ೧೯೯೭ರವರೆಗೆ ವಿಜಾಪುರ ಜಿಲ್ಲೆಗೆ ಸೇರಿತ್ತು. ಅದಕ್ಕೂ ಹಿಂದೆ, ಹತ್ತೊಂಬತ್ತನೆಯ ಶತಮಾನದಲ್ಲಿ, ಇಡಿಯ ಜಿಲ್ಲೆಗೇ ಕಲಾದಗಿ ಎಂದು ಹೆಸರಿತ್ತು. ಮಳೆಯ ನೆರಳಿನಲ್ಲಿ ಬಿದ್ದ ನೆಲ, ಜೋಳವೇ ಜೀವ. ೧೭೯೧-೯೨ರಲ್ಲಿ ಇಲ್ಲಿ ಬಂದ ಕ್ಷಾಮಕ್ಕೆ ತಲೆಬುರುಡೆಯ ಬರವೆಂದು ಹೆಸರಾಯಿತು. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ಬುರುಡೆಗಳಿಂದ ಬಂದ ಹೆಸರು ಅದು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮುಂಬಯಿ ಇಲಾಖೆಯಲ್ಲಿ ಅತ್ಯಂತ ಬಾಧೆಪಟ್ಟ ಜಿಲ್ಲೆಗಳಲ್ಲಿ ಕಲಾದಗಿ ಒಂದು. ೧೮೭೨ರ ಜನಗಣತಿಯಲ್ಲಿ ೮ ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೬ ಲಕ್ಷ ೩೮ ಸಾವಿರಕ್ಕೆ ಇಳಿದಿತ್ತು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂದು ವಿಂಗಡಿಸುವುದು ಸುಲಭವಲ್ಲ; ಆರು ಮಂದಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ಲೆಕ್ಕದಿಂದ ಕಾಣೆಯಾದರೆಂಬುದು ಮಾತ್ರ ಸ್ಪಷ್ಟ. ೧೮೭೭ರ ಆರಂಭದಲ್ಲಿ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ಲನು, ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಹೊತ್ತು ಮಣ್ಣು ಅಗೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಅದರ ಮೇಲೆ ಅಷ್ಟಿಷ್ಟು ಕಾಸೂ ಸಾಕೆಂದು ಗೊತ್ತುಮಾಡಿದನು. ಒಂದು ಪೌಂಡೆಂದರೆ ಈಗಿನ ಲೆಕ್ಕದಲ್ಲಿ ೪೫೦ ಗ್ರಾಮು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದು ದುಡಿಯುವ ಮೈಯನ್ನು ಉಳಿಸಲಾರದೆಂದು ಹೋರಾಡಿದನು. ಆ ಕಾಲದಲ್ಲಿ ಒಬ್ಬನ ಪಕ್ಕೆಲುಬು ಕಾಣುತ್ತಿವೆಯೇ ಇಲ್ಲವೇ ಎಂಬುದು ಬದುಕು ಸಾವುಗಳ ಪ್ರಶ್ನೆಯಾಗಿದ್ದಿತು.

ಇಂಥ ನೆಲದಲ್ಲಿ ಅಜ್ಜಿಯು ಮೊಮ್ಮಗನ ತೋಳನ್ನು ಹಿಡಿದುನೋಡಿ "ಯಾಕ ತಮ್ಮಾ, ಬಡವಾಗೀಯಲ್ಲ" ಎನ್ನುವುದು ಟೀಕೆಯಲ್ಲ. ಅದು ಕಾವಲು. ಇಂದಿಗೂ ಹುನಗುಂದ, ಬಾದಾಮಿಗಳ ಹಳ್ಳಿಗಳಿಂದ ಕಟ್ಟಡದ ಕೆಲಸಕ್ಕೆಂದು ಗೋವೆಗೂ ಮಂಗಳೂರಿಗೂ ಹೋಗಿ ಬರುವವರಿದ್ದಾರೆ. ಅವರು ಮರಳಿ ಬಂದಾಗ ಮನೆಯವರು ಮೊದಲು ನೋಡುವುದು ಗಂಟನ್ನಲ್ಲ, ಮುಖವನ್ನು.

ಈ ಮಾತಿನ ಪೂರ್ಣ ವೈಭವವನ್ನು ಕಾಣಬೇಕಾದರೆ ಶ್ರಾವಣದಲ್ಲಿ ನಾಗರಪಂಚಮಿಯ ಹೊತ್ತಿಗೆ ಈ ಕಡೆ ಬರಬೇಕು. ಉತ್ತರ ಕರ್ನಾಟಕದಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರುತ್ತಾನೆ. ಜೋಕಾಲಿ ಕಟ್ಟಿರುತ್ತಾರೆ, ಉಂಡಿಗಳು ಡಬ್ಬಿ ತುಂಬಿರುತ್ತವೆ. ಮಗಳು ಹೊಸ್ತಿಲ ಮೇಲೆ ಕಾಲಿಡುತ್ತಿದ್ದಂತೆಯೇ ತಾಯಿ ಗಲ್ಲವನ್ನು ಹಿಡಿದು, "ಯಾಕವ್ವಾ, ಇಷ್ಟ್ಯಾಕ ಬಡವಾಗೀ? ಅಲ್ಲಿ ಉಣ್ಣಾಕ ಹಾಕಂಗಿಲ್ಲೇನು?" ಎನ್ನುತ್ತಾಳೆ. ಮಗಳು ನಿಜವಾಗಿ ಬಡವಾಗಿರಬೇಕೆಂದೇನೂ ಇಲ್ಲ. ಹೋದ ವರ್ಷಕ್ಕಿಂತ ನಾಲ್ಕು ಸೇರು ಹೆಚ್ಚೇ ತೂಗಬಹುದು. ಆ ಪ್ರಶ್ನೆಯಲ್ಲಿ ಮೂರು ಮಾತುಗಳು ಅಡಗಿವೆ. ನೀನಿಲ್ಲದೆ ನಮಗೆ ಬೇಸರವಾಗಿತ್ತು ಎಂಬುದೊಂದು. ಅತ್ತೆಮನೆಯಲ್ಲಿ ನಿನ್ನನ್ನು ಹೇಗೆ ನೋಡಿಕೊಳ್ಳುತ್ತಾರೆ, ಹೇಳುವುದಿದ್ದರೆ ಈಗ ಹೇಳು ಎಂಬುದು ಎರಡನೆಯದು. ಇನ್ನು ಎಂಟು ದಿನ ನೀನು ಒಲೆಯ ಹತ್ತಿರ ಬರಬೇಕಾಗಿಲ್ಲ ಎಂಬುದು ಮೂರನೆಯದು. ಎರಡನೆಯ ಮಾತನ್ನು ನೇರವಾಗಿ ಕೇಳುವುದಕ್ಕೆ ಮರ್ಯಾದೆ ಅಡ್ಡ ಬರುತ್ತದೆ. ಆದ್ದರಿಂದ ತಾಯಿ ಮೈಯ ನೆಪದಲ್ಲಿ ಕೇಳುತ್ತಾಳೆ. ಮಗಳು ಅತ್ತರೆ ಅದಕ್ಕೂ ಮೈಯ ನೆಪವೇ ಆಗುತ್ತದೆ.

ಬಾಣಂತಿತನದಲ್ಲಿ ಇದೇ ಮಾತು ತಿರುಗಿ ನಿಲ್ಲುತ್ತದೆ. ಗುಳೇದಗುಡ್ಡದ ಕಣದ ಕುಬುಸವನ್ನು ತೊಟ್ಟು, ಕುಬುಸದ ಕಾರ್ಯ ಮುಗಿಸಿಕೊಂಡು ತವರಿಗೆ ಬಂದ ಚೊಚ್ಚಲ ಗರ್ಭಿಣಿಯನ್ನು ಹೆರಿಗೆಯಾದ ಮೇಲೆ ತಿಂಗಳುಗಟ್ಟಲೆ ಅಂಟಿನ ಉಂಡಿ, ಕೊಬ್ಬರಿ, ಉತ್ತತ್ತಿ, ತುಪ್ಪಗಳಿಂದ ಸಾಕಿ ಗಂಡನ ಮನೆಗೆ ಕಳುಹಿಸುತ್ತಾರೆ. ಅಲ್ಲಿ ನೆರೆಹೊರೆಯವರು "ಮೈ ಕೈ ತುಂಬಿಕೊಂಡು ಬಂದಾಳ" ಎಂದರೆ ಪ್ರಶಸ್ತಿಪತ್ರ ಸಂದದ್ದು ತವರಿಗೆ. ಬಡವಾಗಿ ಬಂದರೆ ಅದು ತವರಿನ ಬಡತನಕ್ಕೆ ಸಾಕ್ಷಿ. ಎರಡು ಮನೆತನಗಳ ಮಾನವನ್ನು ಆ ಹುಡುಗಿ ತನ್ನ ಮೈಮೇಲೆ ಹೊತ್ತು ತಿರುಗಬೇಕಾಗುತ್ತದೆ. ಅವಳಿಗೆ ಹಸಿವಿದೆಯೇ, ನಿದ್ರೆ ಬರುತ್ತಿದೆಯೇ, ಮನಸ್ಸು ನೆಟ್ಟಗಿದೆಯೇ ಎಂದು ಕೇಳಿದವರು ಎಷ್ಟು ಮಂದಿಯೋ! ಹೆರಿಗೆಯ ಅನಂತರ ಕೆಲವರನ್ನು ಕವಿಯುವ ಖಿನ್ನತೆಯು ಕಾಯಿಲೆಯೆಂದು ವೈದ್ಯರು ಒಪ್ಪಿದ್ದಾರೆ. ಅದು ತುಂಬಿದ ಮೈಯಲ್ಲಿಯೂ ಇರುತ್ತದೆ.

ಇಷ್ಟರಿಂದ ನಮ್ಮ ಜನಕ್ಕೆ ಮೈಯ ವಿಷಯದಲ್ಲಿ ನಾಲಗೆಗೆ ಕಡಿವಾಣವೇ ಇಲ್ಲವೆಂದು ಯಾರಾದರೂ ತಿಳಿದರೆ ಅದು ತಪ್ಪು. ಕಡಿವಾಣ ಉಂಟು, ಮತ್ತು ಅದು ಬಿಗಿಯಾಗಿಯೇ ಉಂಟು. ಎಳೆಯ ಮಗುವನ್ನು ನೋಡಿ "ಎಷ್ಟು ಗುಂಡಗಿದೆ" ಎಂದು ಯಾವ ತಿಳಿವಳಿಕಸ್ಥೆಯೂ ಬಾಯಿಬಿಟ್ಟು ಹೇಳುವುದಿಲ್ಲ. ನೆದರಾಗುತ್ತದೆ. ಹೇಳಿಬಿಟ್ಟರೆ ಒಡನೆಯೇ ನೆಟಿಕೆ ಮುರಿದು, ಕಾಡಿಗೆಯ ಬೊಟ್ಟಿಟ್ಟು, ಸಂಜೆಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಬೇಕು. ಉಣ್ಣುವವರ ಎಲೆಯನ್ನು ದಿಟ್ಟಿಸಬಾರದು, ಎಷ್ಟು ರೊಟ್ಟಿಯಾಯಿತೆಂದು ಎಣಿಸಬಾರದು. ನೆದರಿನಿಂದ ಮಗು ಸೊರಗುವುದೆಂಬುದನ್ನು ನಾವು ನಂಬುವುದಿಲ್ಲ. ಆದರೆ ಈ ಆಚಾರದ ಒಳಗಿರುವ ಲೋಕಜ್ಞಾನವನ್ನು ನಂಬುತ್ತೇವೆ. ಪರರ ಮೈಯ ಮೇಲೆ ನೆಟ್ಟ ಕಣ್ಣಿಗೆ ಭಾರವಿದೆ, ಹೊಗಳಿಕೆಯೂ ಘಾತಮಾಡಬಲ್ಲುದು ಎಂಬುದು ಆ ಅಜ್ಜಿಯರಿಗೆ ತಿಳಿದಿತ್ತು. ಮೂರು ತಿಂಗಳ ಕೂಸಿಗೆ ತೋರಿಸುವ ಈ ದಾಕ್ಷಿಣ್ಯವನ್ನು ಮೂವತ್ತು ವರ್ಷದವರಿಗೂ ತೋರಿಸಬಾರದೇಕೆ? ಇದಕ್ಕಾಗಿ ನಾವು ಆಲಿಸಳ ಹತ್ತಿರ ಸಾಲ ಕೇಳಬೇಕಾಗಿಲ್ಲ.

ಬಾದಾಮಿಯ ಮೊದಲನೆಯ ಗುಹೆಯನ್ನು ನೋಡಿದವರು ಅಲ್ಲಿಯ ಹದಿನೆಂಟು ಕೈಗಳ ನಟರಾಜನನ್ನು ಮರೆಯುವುದಿಲ್ಲ. ಅದರ ತಳಗಟ್ಟಿನ ಪಟ್ಟಿಕೆಯಲ್ಲಿ ಸಾಲುಸಾಲಾಗಿ ಕುಣಿಯುವ ಗಣಗಳನ್ನೂ ಸ್ವಲ್ಪ ಬಗ್ಗಿ ನೋಡಬೇಕು. ಗುಡಾಣದಂಥ ಹೊಟ್ಟೆಗಳು, ಮೊಟಕು ಕಾಲುಗಳು, ಮುಖದ ತುಂಬ ನಗೆ. ಅದೇ ಗುಹೆಯ ಅರ್ಧನಾರೀಶ್ವರನ ಪಕ್ಕದಲ್ಲಿ ಭೃಂಗಿ ನಿಂತಿದ್ದಾನೆ: ಎಲುಬಿನ ಹಂದರ, ಅದಕ್ಕೆ ಹೊದಿಸಿದ ಚರ್ಮ. ಆರನೆಯ ಶತಮಾನದ ಚಾಲುಕ್ಯರ ಶಿಲ್ಪಿಗೆ ಈ ಇಬ್ಬರೂ ಒಂದೇ ದೇವರ ಪರಿವಾರ. ಯಾರ ಹತ್ತಿರಕ್ಕೂ ಹೋಗಿ ಯಾಕೆ ಹೀಗಾದಿರೆಂದು ಅವನು ಕೇಳಿದಂತೆ ಕಾಣುವುದಿಲ್ಲ. ಇದಕ್ಕೆ ಬೇರೆಯಾದ ದೃಷ್ಟಿ ವೈದ್ಯನದು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಎಂಟು ಬಗೆಯ ನಿಂದಿತ ದೇಹಗಳ ಎಣಿಕೆಯಿದೆ. ಅತಿ ಎತ್ತರ, ಅತಿ ಗಿಡ್ಡ, ಅತಿ ರೋಮ, ರೋಮವಿಲ್ಲದಿರುವುದು, ಅತಿ ಕಪ್ಪು, ಅತಿ ಬಿಳುಪು ಇವುಗಳನ್ನು ಹೆಸರಿಸಿ ಮುಂದಕ್ಕೆ ಹೋಗುವ ಆಚಾರ್ಯನು ಅತಿಸ್ಥೂಲ ಅತಿಕೃಶರ ಬಳಿ ನಿಂತು ದೀರ್ಘವಾಗಿ ವಿಚಾರಿಸುತ್ತಾನೆ. ಈ ಎರಡರಲ್ಲಿ ಚಿಕಿತ್ಸೆಗೆ ಕೃಶನೇ ವಾಸಿ ಎಂಬುದು ಅವನ ಅಭಿಪ್ರಾಯ. ಆ ಅಧ್ಯಾಯ ವೈದ್ಯರಿಗಾಗಿ ಬರೆದದ್ದು, ಪೇಟೆಗಾಗಿ ಅಲ್ಲ. ನಾಡಿ ಹಿಡಿಯುವ ಕೈಗೆ ಸಲ್ಲುವ ಅಧಿಕಾರ ಕೈಕುಲುಕುವ ಕೈಗೆ ಸಲ್ಲುವುದಿಲ್ಲ.

ಅಧಿಕಾರದ ಮಾತು ಹಾಗಿರಲಿ, ಪೇಟೆಯ ಕಣ್ಣಿಗೆ ಸಾಮರ್ಥ್ಯವಾದರೂ ಉಂಟೋ? ಆರೋಗ್ಯವಂತನ ತೂಕ ಒಂದೇ ದಿನದಲ್ಲಿ ನೀರು, ಊಟ, ಬೆವರುಗಳಿಂದಾಗಿ ಒಂದೆರಡು ಕಿಲೋ ಏರಿಳಿಯಬಹುದು. ಮುಖವನ್ನು ನೋಡಿ ತೂಕದ ವ್ಯತ್ಯಾಸವನ್ನು ಗುರುತಿಸಬೇಕಾದರೆ ಸಾಧಾರಣ ಎತ್ತರದವರಲ್ಲಿ ಮೂರೂವರೆ ನಾಲ್ಕು ಕಿಲೋಗಳಷ್ಟಾದರೂ ಬದಲಾವಣೆಯಾಗಿರಬೇಕೆಂದು ೨೦೧೫ರಲ್ಲಿ ಟೊರೊಂಟೊ ವಿಶ್ವವಿದ್ಯಾನಿಲಯದ ಸಂಶೋಧಕರು ಕಂಡುಕೊಂಡರು. ನಮ್ಮವರು ಕ್ಷೌರ ಮಾಡಿಸಿಕೊಂಡು ಬಂದವನನ್ನೂ ಬಡವಾದನೆನ್ನುತ್ತಾರೆ, ರಾತ್ರಿ ನಿದ್ದೆಗೆಟ್ಟವನನ್ನೂ ಬಡವಾದನೆನ್ನುತ್ತಾರೆ, ಕಪ್ಪು ಅಂಗಿ ತೊಟ್ಟವನನ್ನೂ ಬಿಡುವುದಿಲ್ಲ. ಇಳಕಲ್ಲಿನ ಸೀರೆಯಾದರೋ ಎಲ್ಲ ಮೈಗಳನ್ನೂ ಒಂದೇ ಉದಾರತೆಯಿಂದ ಒಪ್ಪಿಕೊಳ್ಳುತ್ತದೆ. ಅದರೊಳಗೆ ಐದು ಕಿಲೋ ಹೆಚ್ಚಿತೋ ಇಳಿಯಿತೋ ಉಟ್ಟವಳಿಗೇ ತಿಳಿಯದು. ಕುಬುಸ ಮಾತ್ರ ಸುಳ್ಳು ಹೇಳದು.

ಕಣ್ಣು ಒಂದು ವೇಳೆ ಸರಿಯಾಗಿಯೇ ಅಳೆಯಿತೆನ್ನೋಣ. ಆಗಲೂ ಅದಕ್ಕೆ ಕಾಣುವುದು ಪರಿಣಾಮ ಮಾತ್ರ, ಕಾರಣವಲ್ಲ. ಒಬ್ಬರ ಮೈ ಇಳಿಯುವುದಕ್ಕೆ ವ್ಯಾಯಾಮವೂ ಪಥ್ಯವೂ ಕಾರಣವಾಗಬಹುದು. ಮಧುಮೇಹ, ಕ್ಷಯ, ಥೈರಾಯ್ಡ್ ಗ್ರಂಥಿಯ ವಿಕಾರ, ಕ್ಯಾನ್ಸರ್, ಖಿನ್ನತೆ, ಸಾಲ, ಸಾವು ಇವೂ ಆಗಬಹುದು. ಮೈ ಏರುವುದಕ್ಕೆ ಊಟವೊಂದೇ ಕಾರಣವಲ್ಲ. ಉಬ್ಬಸಕ್ಕೋ ಕೀಲುಬೇನೆಗೋ ಬಹುಕಾಲ ಸೇವಿಸುವ ಸ್ಟೀರಾಯ್ಡ್ ಔಷಧಗಳು, ಮನೋರೋಗದ ಕೆಲವು ಔಷಧಗಳು, ಹೃದಯ ಮೂತ್ರಪಿಂಡಗಳ ದೋಷದಿಂದ ನಿಂತ ನೀರು ಎಲ್ಲವೂ ಆಗಬಹುದು. ಹಿಂದೆ ಈ ಕಡೆ ಬಡವಾಗುವುದಕ್ಕೆ ಒಂದೇ ಮುಖ್ಯ ಕಾರಣವಿತ್ತು. ಅದಕ್ಕೆ ಒಂದೇ ಔಷಧವಿತ್ತು, ರೊಟ್ಟಿ. ಆ ಕಾಲದ ಮಾತು ಈ ಕಾಲದ ಮೈಗೆ ಹೊಂದುವುದಿಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೨೪ ಮಂದಿಯ ತೂಕ ಮಿತಿಗಿಂತ ಹೆಚ್ಚು, ಸುಮಾರು ೧೯ ಮಂದಿಯದು ಮಿತಿಗಿಂತ ಕಡಿಮೆ. ಒಂದೇ ಓಣಿಯಲ್ಲಿ ಎರಡೂ ಇವೆ. ಒಂದೇ ಮನೆಯಲ್ಲಿಯೂ ಇರಬಹುದು.

ಮಾತಿನ ಬೆಲೆಯೂ ಈಗ ತಿರುವುಮುರುವಾಗಿದೆ. ಅಜ್ಜಿಗೆ 'ಮೈ ಬಂದೈತಿ' ಎಂಬುದು ಆಶೀರ್ವಾದ. ಕಾಲೇಜಿನಲ್ಲಿ ಓದುವ ಮೊಮ್ಮಗಳಿಗೆ ಅದು ಶಾಪ. ಅಜ್ಜಿಗೆ 'ಇಳಿದಾಳ' ಎಂಬುದು ಕಳವಳ; ಮೊಮ್ಮಗಳ ಗೆಳತಿಯರಿಗೆ ಅದು ಅಭಿನಂದನೆ. ದೂರದ ಫಿಜಿ ದ್ವೀಪದಲ್ಲಿ ಇಂಥದೇ ತಿರುವನ್ನು ಆನ್ ಬೆಕರ್ ಎಂಬ ವಿದುಷಿ ಕಣ್ಣಾರೆ ಕಂಡು ಬರೆದಿದ್ದಾಳೆ. ಅಲ್ಲಿಯ ಹಳ್ಳಿಗರು ಒಬ್ಬರ ಮೈಯ ಏರಿಳಿತವನ್ನು ಊರಿಗೆ ಊರೇ ಗಮನಿಸಿ ಬಹಿರಂಗವಾಗಿ ಆಡಿಕೊಳ್ಳುತ್ತಿದ್ದರು. ಸೊರಗಿದವನು ಊರಿನ ಆರೈಕೆಯಲ್ಲಿ ಕೊರತೆಯಾಯಿತೆಂಬುದಕ್ಕೆ ಗುರುತು. ನಮ್ಮ ಪಂಚಮಿಯ ತಾಯಿ ಅಲ್ಲಿಯೂ ಇದ್ದಾಳೆ! ೧೯೯೫ರಲ್ಲಿ ಆ ಪ್ರಾಂತ್ಯಕ್ಕೆ ದೂರದರ್ಶನ ಬಂದಿತು. ಆಗ ಶಾಲೆಯ ಹುಡುಗಿಯರಲ್ಲಿ ತೂಕ ಇಳಿಸಲೆಂದು ಉಂಡದ್ದನ್ನು ವಾಂತಿಮಾಡಿಕೊಳ್ಳುವವರು ಒಬ್ಬರೂ ಸಿಕ್ಕಿರಲಿಲ್ಲ. ೧೯೯೮ರಲ್ಲಿ ನೂರಕ್ಕೆ ಸುಮಾರು ೧೧ ಮಂದಿ ಸಿಕ್ಕಿದರು. ದೂರದರ್ಶನವೊಂದೇ ಇದನ್ನು ಮಾಡಿತೆಂದು ಹೇಳುವುದು ಆತುರವಾದೀತು. ಆದರೆ ಹಳೆಯ ಮಾತು ಹೊಸ ಆದರ್ಶಕ್ಕೆ ತಗುಲಿದಾಗ ಅದು ಹಳೆಯ ಮಾತಾಗಿ ಉಳಿಯುವುದಿಲ್ಲ ಎಂಬುದಕ್ಕೆ ಇದು ಸಾಕಷ್ಟು ಪುರಾವೆ.

ನಮ್ಮ ಜಿಲ್ಲೆಗೇ ಬೇರೊಂದು ನೆನಪಿದೆ. ಅದನ್ನು ಬಿಟ್ಟು ಈ ವಿಷಯವನ್ನು ಮಾತನಾಡುವಂತಿಲ್ಲ. ಈ ಶತಮಾನದ ಆರಂಭದಲ್ಲಿ ಬಾಗಲಕೋಟೆ ಜಿಲ್ಲೆಯು ಎಚ್.ಐ.ವಿ. ಸೋಂಕು ಕರ್ನಾಟಕದಲ್ಲಿ ಹೆಚ್ಚಾಗಿ ಹರಡಿದ್ದ ಜಿಲ್ಲೆಗಳಲ್ಲಿ ಒಂದಾಗಿತ್ತು. ೨೦೦೩ರಲ್ಲಿ ನಡೆದ ಒಂದು ಜನಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಸೋಂಕು ಕಂಡುಬಂದಿತು. ಯುಗಾಂಡ ದೇಶದಲ್ಲಿ ಜನ ಈ ರೋಗವನ್ನು 'ಸ್ಲಿಮ್' ಎಂದೇ ಕರೆದರು. ಆ ಹೆಸರಿನಿಂದಲೇ ಅದು ೧೯೮೫ರಲ್ಲಿ ವೈದ್ಯಪತ್ರಿಕೆಯ ಪುಟವನ್ನೂ ಸೇರಿತು. ಸೊರಗುವುದೇ ರೋಗದ ಹೆಸರಾದ ಮೇಲೆ ಸೊರಗಿದವರೆಲ್ಲ ರೋಗಿಗಳೇ. ಆ ವರ್ಷಗಳಲ್ಲಿ ಈ ಕಡೆ ಸಂತೆಯಲ್ಲಿ ಒಬ್ಬನನ್ನು "ಯಾಕೋ, ಭಾಳ ಬಡವಾದಿಯಲ್ಲ?" ಎಂದು ನಾಲ್ಕು ಜನರ ನಡುವೆ ಕೇಳಿದರೆ ಅದು ಕುಶಲಪ್ರಶ್ನೆಯಾಗಿ ಉಳಿಯುತ್ತಿರಲಿಲ್ಲ. ಕೇಳಿದವನಿಗೆ ಯಾವ ದುರುದ್ದೇಶವೂ ಇಲ್ಲದಿರಬಹುದು. ಸುತ್ತಲಿನ ನಾಲ್ವರ ಮುಖ ಒಮ್ಮೆಗೇ ಬದಲಾಗುತ್ತಿತ್ತು. ಅವನ ಮನೆಯ ಹೆಣ್ಣನ್ನು ಕೇಳಿಕೊಂಡು ಬರಬೇಕಾಗಿದ್ದವರು ದಾರಿಯಲ್ಲಿಯೇ ತಿರುಗಬಹುದಾಗಿತ್ತು. ೨೦೦೪ರಲ್ಲಿ ಸರ್ಕಾರವು ಈ ರೋಗಕ್ಕೆ ಉಚಿತವಾಗಿ ಔಷಧವನ್ನು ಕೊಡಲು ಆರಂಭಿಸಿತು. ಔಷಧ ತೆಗೆದುಕೊಳ್ಳುವವರು ಈಗ ಇತರರಂತೆಯೇ ಬಹುಕಾಲ ಬಾಳುತ್ತಾರೆ, ಮೈ ತುಂಬಿಕೊಳ್ಳುತ್ತಾರೆ. ಆದರೂ ತಮ್ಮ ಸೊಂಟಪಟ್ಟಿಯ ರಂಧ್ರಗಳನ್ನು ಪರರು ಎಣಿಸುತ್ತಿದ್ದ ಆ ದಿನಗಳನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ.

ಹೊಗಳಿಕೆಯ ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. "ಭಾಳ ಚಲೋ ಇಳಿದೀರಿ ನೋಡ್ರಿ, ಏನ ಮಾಡಿದ್ರಿ?" ಎಂದು ಕೇಳಿದಾಗ, ಎದುರಿನ ಹೆಣ್ಣುಮಗಳು ಮೂರು ತಿಂಗಳಿಂದ ಚಿಕಿತ್ಸೆಗೆಂದು ಹುಬ್ಬಳ್ಳಿಗೆ ತಿರುಗುತ್ತಿದ್ದರೆ, ಅವಳು ಏನೆಂದು ಉತ್ತರ ಕೊಡಬೇಕು? ನಿಜ ಹೇಳಿದರೆ ಕೇಳಿದವರಿಗೆ ಮುಖಭಂಗ, ಸುಳ್ಳು ಹೇಳಿದರೆ ತನಗೆ ಹೊರೆ. ಹಾಗೆಯೇ "ಏನವ್ವಾ, ವಿಶೇಷ ಐತೇನು?" ಎಂದು ಹೊಟ್ಟೆಯನ್ನು ನೋಡಿ ನಗುವವರು. ಮದುವೆಯಾಗಿ ನಾಲ್ಕು ವರ್ಷ ಮಗುವಿಲ್ಲದವಳಿಗೆ, ಹೋದ ತಿಂಗಳಷ್ಟೇ ಗರ್ಭ ಇಳಿದವಳಿಗೆ ಈ ನಗೆ ಏನಾಗಿ ತಾಗೀತೆಂದು ಅವರು ಯೋಚಿಸುವುದಿಲ್ಲ. ಬಸುರಿನ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ಮನೆಯವರೇ ಆಡುವುದಿಲ್ಲ, ಹೊರಗಿನವರಿಗೇನು ಅವಸರ? ಕನ್ಯೆ ನೋಡಲು ಬಂದವರು ಹಿಂದಿರುಗುವಾಗ ಮೆಟ್ಟಿಲ ಮೇಲೆ ಆಡುವ ಮಾತುಗಳನ್ನಂತೂ ಇಲ್ಲಿ ಬರೆಯುವುದಿಲ್ಲ. ಪ್ರಾಯಶಃ ಎಲ್ಲರೂ ಕೇಳಿದ್ದಾರೆ.

ಹಾಗಲ್ಲ, ಚುಚ್ಚಿ ಹೇಳಿದರೆ ಒಳ್ಳೆಯದೇ ಆಗುತ್ತದೆ, ನಾಚಿಕೆಯಿಂದಲಾದರೂ ಬೊಜ್ಜು ಕರಗಿಸುತ್ತಾರೆ ಎಂಬ ವಾದವೊಂದಿದೆ. ಡುಮ್ಮಣ್ಣ, ಕಡ್ಡಿಪೈಲವಾನ ಎಂಬ ಬಿರುದುಗಳನ್ನು ಹಂಚುವವರು ಸಿಕ್ಕಿಬಿದ್ದಾಗ ಹೇಳುವುದು ಇದನ್ನೇ. ಈ ವಾದಕ್ಕೆ ಆಧಾರವಿಲ್ಲ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ತೂಕದ ಕಾರಣದಿಂದ ಅವಮಾನ ಪಕ್ಷಪಾತಗಳಿಗೆ ಗುರಿಯಾದೆವೆಂದು ಹೇಳಿದವರು ಮುಂದೆ ಸ್ಥೂಲಕಾಯರಾಗುವ ಸಂಭವ ಇತರರಿಗಿಂತ ಎರಡೂವರೆ ಪಟ್ಟು ಎಂದು ಕಂಡುಬಂದಿತು. ಅವಮಾನಿತನಾದವನು ಮೈದಾನಕ್ಕೆ ಹೋಗುವುದನ್ನು ಬಿಡುತ್ತಾನೆ, ವೈದ್ಯನ ತಕ್ಕಡಿಯ ಮೇಲೆ ನಿಲ್ಲಲು ಹಿಂಜರಿಯುತ್ತಾನೆ, ಒಂಟಿಯಾಗಿ ಕುಳಿತು ತಿನ್ನುತ್ತಾನೆ. ಪಾಠ ಹೇಳುವ ವೃತ್ತಿಯಲ್ಲಿ ನಾವು ಕಂಡದ್ದೂ ಇಷ್ಟೇ: ಹಿಂದಿನ ಬೆಂಚಿಗೆ ಸರಿದು ಕುಳಿತ ಹುಡುಗನನ್ನು ಯಾವ ಬಿರುದೂ ಮುಂದಕ್ಕೆ ತಂದದ್ದಿಲ್ಲ.

ಹಾಗಾದರೆ ಕಂಡೂ ಕಾಣದಂತೆ ಇರಬೇಕೆ? ಇಲ್ಲ. ಮೌನವೂ ಒಮ್ಮೊಮ್ಮೆ ಅಪರಾಧವಾದೀತು. ಬಯಸದೆ, ಯತ್ನಿಸದೆ ಆರು ತಿಂಗಳಿಂದ ಒಂದು ವರ್ಷದೊಳಗೆ ಮೈತೂಕದಲ್ಲಿ ನೂರಕ್ಕೆ ಐದು ಭಾಗ ಇಳಿದರೆ, ಅಂದರೆ ಅರುವತ್ತು ಕಿಲೋದವರು ಮೂರು ಕಿಲೋ ಕಳೆದುಕೊಂಡರೆ, ಪರೀಕ್ಷೆ ಅಗತ್ಯವೆಂದು ವೈದ್ಯರು ಹೇಳುತ್ತಾರೆ. ಎರಡು ವಾರಕ್ಕೆ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು ಇವುಗಳ ಜೊತೆಗೆ ಮೈ ಇಳಿದರೆ ಕ್ಷಯದ ಶಂಕೆ. ದಾಹ, ಮೇಲಿಂದ ಮೇಲೆ ಮೂತ್ರ, ದಣಿವು ಇವುಗಳ ಜೊತೆಗೆ ಇಳಿದರೆ ಮಧುಮೇಹದ ಶಂಕೆ. ಎರಡಕ್ಕೂ ಚಿಕಿತ್ಸೆಯುಂಟು, ತಡವಾದರೆ ತೊಂದರೆಯುಂಟು. ಇಂಥಲ್ಲಿ ಹತ್ತಿರದವರು ಮಾತನಾಡಲೇಬೇಕು. ಮಾತನಾಡುವ ರೀತಿ ಮಾತ್ರ ಬೇರೆಯಾಗಿರಬೇಕು. ಮೊದಲನೆಯದಾಗಿ, ಏಕಾಂತ. ಪಂಕ್ತಿಯಲ್ಲಿ ಅಲ್ಲ, ಲಗ್ನದ ಮಂಟಪದಲ್ಲಿ ಅಲ್ಲ, ಮಕ್ಕಳ ಎದುರಿಗಂತೂ ಅಲ್ಲ. ಆಮೇಲೆ, ಮೈಯನ್ನು ಬಿಟ್ಟು ಬಾಧೆಯನ್ನು ಹಿಡಿಯಬೇಕು: "ಕಾಕಾ, ರಾತ್ರಿ ಭಾಳ ಸಲ ಏಳತೀರಂತ ಕಾಕೂ ಹೇಳಿದ್ಲು, ಒಮ್ಮೆ ರಕ್ತ ತೋರಿಸಿಕೊಂಡು ಬರೂಣೇನ್ರಿ? ನಾನೂ ಬರ್ತೀನಿ" ಎಂದರೆ ಅದರಲ್ಲಿ ತೂಕದ ಮಾತೇ ಬರಲಿಲ್ಲ, ಕೆಲಸ ಆಯಿತು. ಜೊತೆಗೆ ಬರುತ್ತೇನೆ ಎನ್ನಲಾರದವರು ಈ ಮಾತನ್ನು ಎತ್ತದಿರುವುದು ಲೇಸು. ಪಂಚಮಿಯ ತಾಯಿಗೆ ಗಲ್ಲ ಹಿಡಿಯುವ ಹಕ್ಕು ಬಂದದ್ದು ಹೀಗೆಯೇ. ಬಡವಾದೆಯೆಂದು ಕೇಳಿದ ಬಾಯಿಯ ಹಿಂದೆ ರೊಟ್ಟಿ ಬಡಿಯುವ ಕೈ ಇದೆ.

ಉಳಿದವರಿಗೆಲ್ಲ "ಆರಾಮ ಅದೀರೇನ್ರಿ?" ಸಾಕು. ಬಹು ಒಳ್ಳೆಯ ಪ್ರಶ್ನೆ ಅದು. ಆರಾಮವೆನ್ನಬೇಕಾದವರು ಆರಾಮವೆನ್ನುತ್ತಾರೆ, ಹೇಳಿಕೊಳ್ಳಬೇಕಾದವರು ಒಂದು ನಿಟ್ಟುಸಿರು ಬಿಟ್ಟು ಪಕ್ಕದ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಾರೆ. ಯಾರಾದರೂ ತಾವಾಗಿಯೇ ತಮ್ಮ ತೂಕದ ಸುದ್ದಿ ತೆಗೆದು, ಬೆಳಗಿನ ನಡಿಗೆಯ ಪ್ರತಾಪವನ್ನು ಬಣ್ಣಿಸತೊಡಗಿದರೆ ಧಾರಾಳವಾಗಿ ಮೆಚ್ಚಬಹುದು. ಬಾಗಿಲನ್ನು ಅವರೇ ತೆರೆದಿದ್ದಾರೆ.

ಮಾತಿಗೆ ಗುರಿಯಾದವರ ಪಾಡೂ ಇದೆ. ಹಿರಿಯರು ಅಂದದ್ದಕ್ಕೆ ಎದುರಾಡುವಂತಿಲ್ಲ, ಸುಮ್ಮನಿದ್ದರೆ ಮಾತು ಬೆಳೆಯುತ್ತದೆ. ಅಕ್ಕರೆಯಿಂದ ಕೇಳಿದ ಅಜ್ಜಿಗೆ "ಹೌದಬೇ, ನಿನ್ನ ಕೈರೊಟ್ಟಿ ಇಲ್ಲಲ್ಲ" ಎಂದರೆ ಅಜ್ಜಿಯೂ ಗೆದ್ದಳು, ಮಾತೂ ಮುಗಿಯಿತು. ಬರಿಯ ಕುತೂಹಲಕ್ಕೆ ಕೇಳುವವರಿಗೆ "ಹೌದೇನ್ರಿ? ನಿಮ್ಮ ಕಡೆ ಮಳಿ ಹ್ಯಾಂಗೈತ್ರಿ?" ಎಂದು ಮಳೆಯ ಕಡೆಗೆ ತಿರುಗಿಸಬಹುದು; ಈ ಸೀಮೆಯಲ್ಲಿ ಮಳೆಯ ಪ್ರಶ್ನೆಗೆ ಉತ್ತರ ಕೊಡದೆ ಹೋದವರನ್ನು ನಾವು ಕಂಡಿಲ್ಲ. ಮೇಲಿಂದ ಮೇಲೆ ಕೆಣಕುವವರಿಗೆ ಮಾತ್ರ "ಆ ಮಾತು ಬ್ಯಾಡ್ರಿ" ಎಂದು ನೆಟ್ಟಗೆ ಹೇಳುವುದರಲ್ಲಿ ಅಮರ್ಯಾದೆಯೇನೂ ಇಲ್ಲ. ಹೆಣ್ಣುಮಕ್ಕಳ ಪರವಾಗಿ ಮನೆಯ ಗಂಡಸರು ಇದನ್ನು ಹೇಳುವ ಅಭ್ಯಾಸ ಮಾಡಿಕೊಂಡರೆ ಇನ್ನೂ ವಾಸಿ.

ತೂಕವನ್ನು ಬಹಿರಂಗವಾಗಿ ನೋಡುವ ಪದ್ಧತಿ ನಮ್ಮಲ್ಲಿ ಇಲ್ಲದಿಲ್ಲ. ಮಠಗಳ ಉತ್ಸವಗಳಲ್ಲಿ ಸ್ವಾಮಿಗಳ ತುಲಾಭಾರ ನಡೆ‍ಯುತ್ತದೆ. ಒಂದು ತಟ್ಟೆಯಲ್ಲಿ ಗುರುಗಳು, ಇನ್ನೊಂದರಲ್ಲಿ ಬೆಲ್ಲವೋ ಅಕ್ಕಿಯೋ ನಾಣ್ಯವೋ. ಅಲ್ಲಿ ತಕ್ಕಡಿ ಹೆಚ್ಚು ತೂಗಿದಷ್ಟೂ ಭಕ್ತರಿಗೆ ಸಂತೋಷ. ಗುರುಗಳು ಎಷ್ಟು ಕಿಲೋ ಎಂದು ಯಾರೂ ಕೇಳುವುದಿಲ್ಲ, ಬೆಲ್ಲ ಎಷ್ಟಾಯಿತೆಂದು ಕೇಳುತ್ತಾರೆ. ಹಿಂದೆ ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪಗಳ ತೂಕದ ಯಂತ್ರವಿರುತ್ತಿತ್ತು. ನಾಣ್ಯ ಹಾಕಿದರೆ ಪುಟ್ಟ ರಟ್ಟಿನ ಚೀಟಿ ಬೀಳುತ್ತಿತ್ತು: ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಭವಿಷ್ಯ ಸಾಮಾನ್ಯವಾಗಿ ಒಳ್ಳೆಯದಾಗಿಯೇ ಇರುತ್ತಿತ್ತು. ಅದನ್ನು ಎಲ್ಲರಿಗೂ ಓದಿ ಹೇಳಿ, ತೂಕವಿದ್ದ ಕಡೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಳ್ಳುತ್ತಿದ್ದವರೂ ಇದ್ದರು. ಇನ್ನು ಊರಿನವರೆಲ್ಲರ ಮೈಯ ಲೆಕ್ಕವೂ ನಿಜವಾಗಿ ತಿಳಿದಿರುವವನೆಂದರೆ ಸಿಂಪಿಗ. ಹೋದ ದೀಪಾವಳಿಯ ಅಳತೆಯೂ ಈ ದೀಪಾವಳಿಯ ಅಳತೆಯೂ ಅವನ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದಿರುತ್ತವೆ. ನುರಿತ ಸಿಂಪಿಗನು ಕುಬುಸ ಹೊಲಿಯುವಾಗ ಒಳಮಗ್ಗುಲಲ್ಲಿ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿರುತ್ತಾನೆ. ಮರುವರ್ಷ ಅದು ಬಿಗಿಯಾಯಿತೆಂದು ತಂದವರಿಗೆ, ಬಟ್ಟೆ ನೀರಿಗೆ ಸ್ವಲ್ಪ ಜಗ್ಗಿಕೊಂಡಿರಬೇಕು ಎಂದು ಹೇಳಿ, ಹೊಲಿಗೆ ಬಿಚ್ಚಿ, ಒಂದು ಬೆರಳು ಸಡಿಲಿಸಿ, ಸಂಜೆಗೆ ಬಂದು ತೆಗೆದುಕೊಂಡು ಹೋಗಿರೆನ್ನುತ್ತಾನೆ.